ಅಳತೆ ಪುಸ್ತಕ

ಎದೆ ಮೂವತ್ತೆರಡು, ಸೊಂಟ ಇಪ್ಪತ್ತಾರು.
ಹೆಸರು ಹಾಶಿರ್, ಬಂದ್ಯೋಡು.
ಷರಾ: ಮಿನುಗಬೇಕಂತೆ.

ಇದು ಎರಡು ಸಾವಿರದ ನಾಲ್ಕರ ಪುಸ್ತಕ,
ಮೂಲೆಯನ್ನು ಒರಲೆ ತಿಂದಿದೆ.
ಕೆಳಗೆ ಬಂಗುಡೆಯ ಕೂಗು, ಮೇಲೆ ನನ್ನ ಮಿಷನ್ನು.
ಹತ್ತನೇ ಕ್ಲಾಸಿನ ಹುಡುಗ ಮೆಟ್ಟಿಲು ಹಾರಿ ಬಂದು
"ಐತಣ್ಣ, ಆಲ್ಬಮ್ಮಿಗೊಂದು ಕೋಟು" ಅಂದ.
ಮದುವೆ ಆಲ್ಬಮ್ಮು ಅಂದುಕೊಂಡೆ ನಾನು.
ನಿನಗೆಂತ ಅವಸರ ಮಾರಾಯ ಅಂತ ನಕ್ಕೆ.

ಬೆಳೆಯುವ ಮಕ್ಕಳ ಬಟ್ಟೆಗೆ
ಒಳಗೆ ಎರಡಿಂಚು ಬಿಡುವುದು ನನ್ನ ಕ್ರಮ.
ಆ ಕೆಂಪು ಸ್ಯಾಟಿನ್ನಿಗೂ ಬಿಟ್ಟೆ.

ಮನೆಮಾತು ಮಲಯಾಳ, ಓದಿದ್ದು ಕನ್ನಡ ಶಾಲೆ.
ಬಾಯಿಗೆ ಗೊತ್ತಿದ್ದದ್ದು ಕಣ್ಣಿಗೆ ಗೊತ್ತಿಲ್ಲ;
ಬಸ್ಸನ್ನೂ ಬಣ್ಣ ನೋಡಿ ಗುರುತಿಸುತ್ತಿದ್ದ.
ಕಲ್ಲಿಕೋಟೆಯವರು ಕಳಿಸಿದ ಹಾಡನ್ನು ಯಾರಿಂದಲೋ ಓದಿಸಿ
ನನ್ನ ಬೆಂಚಿನಲ್ಲಿ ಕೂತು ಕನ್ನಡದಲ್ಲಿ ಇಳಿಸುತ್ತ
ಮಳೆ ಬರುವಲ್ಲಿ ಪೆನ್ನು ನಿಲ್ಲಿಸಿದ.
ಮನೆಯಲ್ಲಿ ಅದು 'ಮಯ'. ಕಲ್ಲಿಕೋಟೆಗೆ ನಡೆಯದು.
ನಮ್ಮ ಳಕಾರವೂ ಸಾಲದು.

ಜುಬ್ಬದ ಗುಂಡಿಗೆಂದು ಬಂದು ಕೂತಿದ್ದ ಪಂಡಿತರು,
ನಿವೃತ್ತರು, ಎದ್ದು ನನ್ನ ಸೀಮೆಸುಣ್ಣ ತೆಗೆದುಕೊಂಡು
ಕತ್ತರಿಸಲಿಟ್ಟ ಕರಿ ಬಟ್ಟೆಯ ಮೇಲೆ ಬರೆದರು:
ೞ.
"ಇದು ನಮ್ಮಲ್ಲೂ ಇತ್ತು ಮಗಾ.
ಸಾವಿರ ವರ್ಷದ ಹಿಂದೆ ನಾವೂ ಮೞೆ ಅನ್ನುತ್ತಿದ್ದೆವು.
ಆಮೇಲೆ ನಾಲಗೆಗೆ ಉದಾಸೀನ ಬಂತು.
ತಗೋ, ಇಟ್ಟುಕೋ."

ಅದನ್ನು ಇಟ್ಟುಕೊಂಡೇ ಅವನು ಹೋದದ್ದು.
ಬೇಕಲ ಕೋಟೆಯ ಮೇಲೆ ಕೆಂಪು ಕೋಟು, ಹಿಂದೆ ಕಡಲು,
ಮುಂದೆ, ತಿರುಗಿ ನೋಡದೆ ನಡೆಯುವ ಹುಡುಗಿ.
ಸಿ.ಡಿ. ನಲವತ್ತು ರೂಪಾಯಿ, ನಕಲಿ ಇಪ್ಪತ್ತು.
ಮಲಪ್ಪುರದಿಂದ ಪತ್ರಗಳು ಬಂದವು, ಕಟ್ಟುಕಟ್ಟು;
ಕೆಳಗಿನ ಮೀನಿನ ಮಮ್ಮುಞಿ ಕೈ ಒರಸಿಕೊಂಡು
ಓದಿ ಹೇಳುತ್ತಿದ್ದ, ಕೆಲವನ್ನು ಎರಡೆರಡು ಸಲ.
ನನ್ನ ಮಗಳೂ ಕವರಿನ ಮುಖ ಕತ್ತರಿಸಿ
ಲೆಕ್ಕದ ಪುಸ್ತಕದೊಳಗೆ ಇಟ್ಟಿದ್ದಳು,
ನನ್ನದೇ ಕತ್ತರಿಯಲ್ಲಿ, ಕುತ್ತಿಗೆಯವರೆಗೆ ಮಾತ್ರ.
ಕೋಟನ್ನು ಕಸಕ್ಕೆ ಹಾಕಿದ್ದಳು.
ಬೈದದ್ದು ಅದಕ್ಕೆ. ಅವಳಿಗೆ ಇವತ್ತಿಗೂ ಗೊತ್ತಿಲ್ಲ.

ಪುಟ ಮಗುಚುತ್ತೇನೆ.
ಎದೆ ಮೂವತ್ತನಾಲ್ಕು, ನೀಲಿ, ಶಾರ್ಜಾ.
ಎದೆ ಮೂವತ್ತೈದು, ಬೆಳ್ಳಿ. ತಲಶ್ಶೇರಿಯಲ್ಲಿ
ಎಷ್ಟೋ ಕೈಗಳು ಎಳೆದು, ಕೋಟು ರಿಪೇರಿಗೆ ಬಂದದ್ದು
ಒಂದೇ ತೋಳಿನಲ್ಲಿ.
ಆಮೇಲೆ ಕೊಚ್ಚಿಯಲ್ಲಿ ಹೊಲಿಸುತ್ತಾನೆ ಅಂತ ಸುದ್ದಿ.
ಆಮೇಲೆ ಸುದ್ದಿಯೂ ಇಲ್ಲ.

ಹಾಡುಗಳು ಮೊಬೈಲಿಗೆ ಇಳಿದವು, ಹತ್ತು ರೂಪಾಯಿಗೆ ಇನ್ನೂರು.
ಕಂಪೆನಿ ಬಾಗಿಲು ಹಾಕಿತು.
ಮೀಸೆ ಬಾರದ ಬೇರೆ ಹುಡುಗರು ಕೋಟೆ ಹತ್ತಿದರು.
ಒಂದು ಚುನಾವಣೆಗೆ ಅವನ ಸ್ವರ ಕೇಳಿದೆ, ಜೀಪಿನ ಮೈಕಿನಲ್ಲಿ,
ಉಪ್ಪಳದಿಂದ ಕುಂಬಳೆಗೆ, ಅದೇ ರಾಗ:
ಬೆಳಿಗ್ಗೆ ಒಂದು ಚಿಹ್ನೆಗೆ ಕನ್ನಡದಲ್ಲಿ,
ಸಂಜೆ ಇನ್ನೊಂದಕ್ಕೆ ಮಲಯಾಳದಲ್ಲಿ.
ನಾನು ಮಿಷನ್ನು ನಿಲ್ಲಿಸಿದೆ.
ಜೀಪು ನಿಲ್ಲಲಿಲ್ಲ.

ಮೊನ್ನೆ ಬಂದ. ಮೆಟ್ಟಿಲ ನಡುವೆ ಒಮ್ಮೆ ನಿಂತು
ಉಸಿರು ತೆಗೆದದ್ದು ಕೇಳಿಸಿತು.
ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಹಿಂದೆ ಮಗಳು.
"ಕಾಞಂಗಾಡಿನಲ್ಲಿ ಹಳೆ ಆಲ್ಬಮ್‌ನವರದ್ದು ಒಂದು ರಾತ್ರಿ ಉಂಟು.
ಅವರಿಗೆ ಕೆಂಪು ಕೋಟೇ ಆಗಬೇಕಂತೆ."

ಬಿಚ್ಚಿದೆ. ಎರಡೂ ಕಡೆ ಬಿಟ್ಟಿದ್ದ ಎರಡಿಂಚು
ಇಪ್ಪತ್ತು ವರ್ಷ ಬೆಳಕು ಕಾಣದೆ
ಕೆಂಪಾಗಿಯೇ ಇತ್ತು.
ಹೊರಗಿನದು ಇಟ್ಟಿಗೆ ಬಣ್ಣ.
ಪಟ್ಟಿ ಪಟ್ಟಿಯಾಗಿ ಕಾಣುತ್ತದೆ ಮಾರಾಯ ಅಂದೆ.
ಕಾಣಲಿ ಅಂದ.
ಹಾಕಿ ನೋಡಿದರೆ ಗುಂಡಿಗೂ ಕಾಜಕ್ಕೂ
ನಡುವೆ ಒಂದು ಗೇಣು.

ಅಷ್ಟರಲ್ಲಿ ಹುಡುಗಿ ಒಳಜೇಬಿಗೆ ಕೈ ಹಾಕಿ
ಮಡಚಿದ ಕಾಗದ ತೆಗೆದಳು.
ಅವಳದ್ದೂ ಕನ್ನಡ ಶಾಲೆ. ಬೆರಳಿಟ್ಟು ಓದುತ್ತ ಬಂದು
ಒಂದು ಕಡೆ ತಡೆದಳು: "ಉಪ್ಪಾ, ಇದೆಂತ ಅಕ್ಷರ?"

ಅವನು ಹೆಸರು ಹೇಳಲಿಲ್ಲ.
ನಾಲಗೆ ಹಿಂದಕ್ಕೆ ಮಡಚಿ, ಎಲ್ಲಿಯೂ ತಾಗಿಸದೆ,
ಮೆಲ್ಲ ಅಂದು ತೋರಿಸಿದ.
ಅವಳು ಎರಡು ಸಲ ತಪ್ಪಿ, ನಕ್ಕು,
ಮೂರನೆಯದು... ನನಗೆ ಕೇಳಿಸಲಿಲ್ಲ,
ಕೆಳಗೆ ಯಾರೋ ಬೂತಾಯಿ ಬೂತಾಯಿ ಅಂತ ಕೂಗುತ್ತಿದ್ದರು.

ಹೊಸ ಪುಟ. ಎದೆ ನಲವತ್ತು.
ಷರಾ: ಗುಂಡಿ ಬೇಡವಂತೆ.